ಆಡು ಸಿಕ್ಕ ಮೇಲೆ

ನಿನಗೆ ಎಲ್ಲಿ ಬೇಕೋ ಅಲ್ಲಿಗೆ ಹೋಗು, ಏನು ಬೇಕೋ ಅದನ್ನು ಮಾಡು ಎಂದು ಯಾರಾದರೂ ಹೇಳಿದರೆ ಮನುಷ್ಯನಾದವನು ಕುಣಿದಾಡಬೇಕು. ನಾನು ಕುಣಿಯುವುದಿಲ್ಲ. ಯಾವ ಕಡೆಗೆ ಹೋಗಬೇಕು, ಎಷ್ಟು ದಿನದೊಳಗೆ ಮುಗಿಸಬೇಕು, ಮುಗಿಸಿದ್ದಕ್ಕೆ ಸಹಿ ಯಾರು ಹಾಕುತ್ತಾರೆ ಎಂದು ಕೇಳುತ್ತೇನೆ. ಸವದತ್ತಿಯ ಕಾಲುವೆ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ಕುಳಿತವನಿಗೆ ಬೇರೆ ಪ್ರಶ್ನೆ ಹೊಳೆಯುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆ ಕೇಳುವಾಗ ನಿಮಗೆ ಒಂದೆರಡು ಸಲ ನನ್ನ ಪರ ವಹಿಸಬೇಕೆಂದು ಅನ್ನಿಸಬಹುದು. ದಯವಿಟ್ಟು ವಹಿಸಬೇಡಿ.

ನಮ್ಮ ಮನೆಗೆ ವಿಡಿಯೊ ಗೇಮ್ ಬಂದದ್ದು ಮಗಳು ಸುಮಾಳಿಂದ. ಕಿತ್ತೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ತನ್ನ ಸಂಬಳದಲ್ಲೇ ಕೊಂಡಿದ್ದಳು. ಮದುವೆಯಾಗಿ ಬೈಲಹೊಂಗಲಕ್ಕೆ ಹೋಗುವ ದಿನ ಪಾತ್ರೆ, ಗಾದಿ, ಕಪಾಟು ಎಲ್ಲವೂ ಅವಳ ಹಿಂದೆ ಟೆಂಪೊ ಹತ್ತಿದವು. ಮನೆಯ ಸೊಸೆ ಟಿವಿ ಮುಂದೆ ಕುಳಿತು ಕತ್ತಿ ಬೀಸಿದರೆ ನೋಡಿದವರು ಏನೆಂದಾರು ಎಂದು ಬೀಗರು ಗೇಮಿನ ಪೆಟ್ಟಿಗೆಯನ್ನು ಮಾತ್ರ ಇಳಿಸಿದರು. "ಪಪ್ಪಾ, ಸುಮ್ನ ಧೂಳ ಹಿಡೀತೈತಿ, ನೀವರ ಆಡ್ರಿ" ಎಂದು ಹೇಳಿ, ಒಂದು ವಾರ ಫೋನಿನಲ್ಲೇ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಕಲಿಸಿದಳು. ಐವತ್ತೈದನೆಯ ವಯಸ್ಸಿನಲ್ಲಿ ನಾನು ವೀರನಾದೆ.

ಆ ಆಟದಲ್ಲಿ ನಾವು ಒಬ್ಬ ವೀರನ ಪಾತ್ರ ವಹಿಸಬೇಕು. ಬೆಟ್ಟ, ಹೊಳೆ, ಕೋಟೆ, ಹಳ್ಳಿಗಳಿರುವ ದೊಡ್ಡದೊಂದು ರಾಜ್ಯ. ಯಾವ ದಿಕ್ಕಿಗೆ ಬೇಕಾದರೂ ನಡೆದುಬಿಡಬಹುದು, ಯಾರೂ ತಡೆಯುವುದಿಲ್ಲ. ಹಳ್ಳಿಯವರನ್ನು ಮಾತನಾಡಿಸಿದರೆ ಒಬ್ಬೊಬ್ಬರೂ ಒಂದೊಂದು ಕೆಲಸ ಹೇಳುತ್ತಾರೆ. ಒಬ್ಬನ ಉಂಗುರ ಕಳೆದಿರುತ್ತದೆ, ಇನ್ನೊಬ್ಬನ ಹೊಲಕ್ಕೆ ತೋಳ ಬಂದಿರುತ್ತದೆ. ಹಾಗೆ ಹೇಳಿಸಿಕೊಂಡ ಕೆಲಸಗಳೆಲ್ಲ ಪರದೆಯ ಬಲಗಡೆಗೆ ಒಂದು ಪಟ್ಟಿಯಾಗಿ ನಿಲ್ಲುತ್ತವೆ. ನಾನು ಆ ಪಟ್ಟಿ ನೋಡಿ ಬೆವೆತೆ. ಅದು ಬಾಕಿ ಪಟ್ಟಿ! ನಮ್ಮ ಕಚೇರಿಯಲ್ಲಿ ತಿಂಗಳ ಕೊನೆಗೆ ಮೇಲಿನವರಿಗೆ ಕಳಿಸುತ್ತೇವಲ್ಲ, ಅದೇ. ನನ್ನ ಮೇಜಿನ ಬಾಕಿ ಯಾವಾಗಲೂ ಸೊನ್ನೆ, ನನ್ನ ಬದುಕಿನ ಏಕೈಕ ಹೆಮ್ಮೆ ಅದು. ಈಗ ಮನೆಯಲ್ಲಿ, ಅದೂ ರಜೆಯ ದಿನ, ಮೂವತ್ತೊಂದು ಬಾಕಿ.

ಇಂಥ ಹೊತ್ತಿಗೆ ರಾಜೇಸಾಬ್ ಸೇರಿಕೊಂಡ. ರಾಜೇಸಾಬ್ ನನ್ನ ಬಾಲ್ಯದ ಗೆಳೆಯ, ರಾಮದುರ್ಗದ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಈಗ ಸವದತ್ತಿಯಲ್ಲಿ ಟೇಲರ್. ನನ್ನ ಪ್ಯಾಂಟುಗಳನ್ನೆಲ್ಲ ಮೂವತ್ತು ವರ್ಷದಿಂದ ಅವನೇ ಹೊಲಿದದ್ದು. ಅರಿವಿ, ಎಂದರೆ ಬಟ್ಟೆ, ಕೊಡಲು ಹೋದರೆ ಪ್ರತಿ ಸಲ ಹೊಸದಾಗಿ ಅಳತೆ ತೆಗೆಯುವುದು, ತೆಗೆಯುತ್ತ ನನ್ನ ಹೊಟ್ಟೆಯನ್ನು ಅಂಗಡಿಯಲ್ಲಿದ್ದವರಿಗೆಲ್ಲ ಪರಿಚಯಿಸುವುದು ಅವನ ಪದ್ಧತಿ. ಐತವಾರ ನನಗೆ ರಜೆ, ಮಧ್ಯಾಹ್ನ ಅವನ ಅಂಗಡಿಯೂ ಬಂದ್. ಒಮ್ಮೆ ಚಹಾಕ್ಕೆ ಬಂದವನು ನನ್ನ ವೀರನನ್ನು ನೋಡಿ ಅಲ್ಲೇ ಕುಳಿತುಬಿಟ್ಟ.

"ಲೇ ಈರ್ಯಾ, ಇವನ ಪ್ಯಾಂಟಿಗೆ ಒಂದ ಕಿಸೇನೂ ಇಲ್ಲ. ಏಳ ಕತ್ತಿ, ನಲವತ್ತ ತೋಳದ ತೊಗಲ ಎಲ್ಲಿಟ್ಕೊಂಡ ಹೊಂಟಾನ?"

"ಆಟ ಐತೋ ಮಾರಾಯಾ."

"ಆಟ ಆದ್ರೇನು, ಹೊಲಿಗಿ ಹೊಲಿಗೀನ."

ಅಂದಿನಿಂದ ನಮ್ಮಿಬ್ಬರಿಗೂ ಒಬ್ಬನೇ ವೀರ. ಒಂದು ತಾಸು ನನ್ನದು, ಒಂದು ತಾಸು ಅವನದು. ಕಾಲುವೆಗೆ ನೀರು ಬಿಟ್ಟಾಗ ಯಾವ ಹೊಲಕ್ಕೆ ಎಷ್ಟು ಹೊತ್ತು ಎಂದು ಪಾಳಿಯ ಚಾರ್ಟ್ ಬರೆಯುವವನು ನಾನೇ ಆದ್ದರಿಂದ, ಇದಕ್ಕೂ ಒಂದು ಚಾರ್ಟ್ ಬರೆದು ಟಿವಿಯ ಪಕ್ಕ ಅಂಟಿಸಿದೆ. ಪಾಪ, ಆ ವೀರನ ಬಾಳು ಏನಾಯಿತೆಂದು ಹೇಳಲಿ. ನನ್ನ ತಾಸಿನಲ್ಲಿ, ಮುಂದಿನ ಕೆಲಸ ಎಲ್ಲಿದೆ ಎಂದು ಪರದೆಯ ಮೇಲಿನ ಬಾಣದ ಗುರುತು ತೋರಿಸಿದ ಕಡೆಗೆ ಎದ್ದುಬಿದ್ದು ಓಡುತ್ತಿದ್ದ, ರಾಜ್ಯದ ಈ ತುದಿಯಿಂದ ಆ ತುದಿಗೆ, ಮುನವಳ್ಳಿಯ ಬಸ್ಸು ಸವದತ್ತಿಗೆ ಬರುವಷ್ಟರಲ್ಲಿ. ರಾಜೇಸಾಬ್‌ನ ತಾಸಿನಲ್ಲಿ ಹೊಳೆಯ ದಂಡೆಗೆ ಕುಳಿತು ಮೀನು ಹಿಡಿಯುತ್ತಿದ್ದ, ಕುದುರೆಗೆ ಹುಲ್ಲು ಹಾಕುತ್ತಿದ್ದ, ಕಂಡಕಂಡವರನ್ನು ನಿಲ್ಲಿಸಿ ಮಾತಾಡಿಸುತ್ತಿದ್ದ. ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯವಿದ್ದಾಗ ಇವನು ಹೋದಲ್ಲಿ ಬಂದಲ್ಲಿ ಕುಂತುಬಿಡುತ್ತಾನಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಬಾಣದ ಗುರುತನ್ನು ಆರಿಸಿಬಿಡು ಎಂದು ಅವನ ಹಟ. ಅದಿಲ್ಲದೆ ಎಲ್ಲಿಗೆ ಹೋಗೋಣ ಎಂದು ನನ್ನ ಹಟ. ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ಅವನಿಗೆ ಉತ್ತರವಾಗಿ ತೋರುತ್ತಿತ್ತು.

ಒಮ್ಮೆ ನಾನು ಆಟ ಮಾಡಿದವರನ್ನೇ ಬೈದೆ. "ನೋಡಲೇ, ಇಷ್ಟ ದೊಡ್ಡ ರಾಜ್ಯಾ ಕಟ್ಯಾರ, ಮಂದಿಗಿ ಮಾತ ಕೊಡೂದ್ರಾಗ ಕಂಜೂಸತನಾ ಮಾಡ್ಯಾರ. ಕೆಲಸ ಮುಗೀತಂದ್ರ, ಎಷ್ಟ ಸಲ ಕೇಳಿದ್ರೂ ಅದ ಒಂದ ಮಾತ ಅಂತಾರ."

ರಾಜೇಸಾಬ್ ಪರದೆಯಿಂದ ಕಣ್ಣು ತೆಗೆಯದೆ, "ನಿಮ್ಮ ಆಫೀಸಿಗೆ ನೀರ ಕೇಳಾಕ ಬಂದವ್ರಿಗೆ ನೀ ಎಷ್ಟ ಮಾತ ಹೇಳ್ತಿ?" ಎಂದ.

"ಸಾಹೇಬ್ರು ಬರ್ಲಿ, ಬಂದಮ್ಯಾಲ ಬರ್ರಿ" ಎಂಬ ನನ್ನ ಮಾತು ತಾಲೂಕಿಗೆಲ್ಲ ಗೊತ್ತು.

ಆಟದ ಮಾತೆಲ್ಲ ಇಂಗ್ಲಿಷಿನಲ್ಲಿ. ರಾಜೇಸಾಬ್‌ಗೆ ಇಂಗ್ಲಿಷ್ ಬಾರದು, ಆದ್ದರಿಂದ ಅವನ ತಾಸಿನಲ್ಲಿಯೂ ನನಗೆ ಬಿಡುವಿಲ್ಲ. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕನ್ನಡ ಮಾಡಿ ಹೇಳಬೇಕು. ಹೀಗಿರುವಾಗ ಅವನ ವೀರ ಒಂದು ಗುಡ್ಡದ ಬುಡದಲ್ಲಿ ಒಂಟಿ ಗುಡಿಸಲನ್ನು ಕಂಡುಹಿಡಿದ. ಬಾಗಿಲಲ್ಲಿ ಒಬ್ಬ ಮುದುಕಿ. ಅವಳ ಹೆಸರು ನಮ್ಮ ನಾಲಗೆಗೆ ಹೊರಳಲಿಲ್ಲ, ಆಯಿ ಎಂದು ಕರೆದೆವು. ಆಯಿಯ ಆಡು ಕಳೆದಿತ್ತು. ಅವಳು ಹೇಳುವುದು ಮೂರು ಮಾತು: ಇವತ್ತು ಗಾಳಿ ಜೋರು, ನನ್ನ ಆಡು ಕಾಣುತ್ತಿಲ್ಲ, ನೀನು ಒಳ್ಳೆಯವನಂತೆ ತೋರುತ್ತೀ. ಎರಡನೆಯ ವಾರವೂ ಅದೇ. ನನಗೆ ಬೇಸರ ಬಂದು, ಕನ್ನಡ ಮಾಡುವ ನೆಪದಲ್ಲಿ ನನ್ನ ಮಾತು ಸೇರಿಸಿದೆ: "ಏ ಹುಚ್ಚಪ್ಯಾಲಿ, ಇಂಥಾ ಬಿಸಲಾಗ ಬಂದೀಯಲ್ಲ, ರೊಟ್ಟಿ ತಿಂದೀಯೋ ಇಲ್ಲೋ ಅಂತಾಳ ನೋಡು."

ರಾಜೇಸಾಬ್ ಜೋರಾಗಿ ನಕ್ಕ. ನಕ್ಕವನು ಒಮ್ಮೆಲೇ ನಿಲ್ಲಿಸಿ, "ಥೇಟ ನಮ್ಮ ಆಪಾ" ಎಂದ.

ಆಪಾ ಅಂದರೆ ಅವನ ಅಕ್ಕ. ತಾಯಿ ಇಲ್ಲದ ಅವನನ್ನು ರಾಮದುರ್ಗದಲ್ಲಿ ಸಾಕಿ ಬೆಳೆಸಿದವಳು. ನಮ್ಮ ಹೈಸ್ಕೂಲಿನ ದಿನಗಳಲ್ಲಿ ಇಬ್ಬರನ್ನೂ ಒಂದೇ ಬಾಯಲ್ಲಿ ಬೈದು, ಒಂದೇ ತಟ್ಟೆಯಲ್ಲಿ ಬಡಿಸಿದವಳು. ಹೋದ ವರ್ಷ ತೀರಿಕೊಂಡಳು. ನಾನು ಬೇಕೆಂದೇ ಅವಳ ಮಾತು ತಂದಿರಲಿಲ್ಲ, ಮುದುಕಿಯ ಬೈಗಳು ಎಂದರೆ ನನ್ನ ಕಿವಿಯಲ್ಲಿ ಇದ್ದದ್ದು ಅದೊಂದೇ. ರಾಜೇಸಾಬ್ ಮುಂದೆ ಸರಿದು ಕುಳಿತು, "ಮತ್ತೇನಂತಾಳ?" ಎಂದ.

ಆಮೇಲೆ ಪ್ರತಿ ಐತವಾರ ಅವನ ಪಾಳಿ ಎಂದರೆ ಆಯಿಯ ಗುಡಿಸಲು. ಅವಳು ಮೂರು ಮಾತು ಹೇಳುವಳು, ನಾನು ಮೂವತ್ತು ಮಾಡುವೆನು. ಅವನ ಕೂದಲು, ಅವನ ಚಹಾದ ಚಟ, ತಂಗಳ ರೊಟ್ಟಿ, ಮಳೆಯಲ್ಲಿ ನೆನೆದ ಪುಸ್ತಕ, ಎಲ್ಲದಕ್ಕೂ ಆಯಿ ಬೈದಳು. ಆಡು ಎಲ್ಲಿದೆ ಎಂದು ನಮಗೆ ಗೊತ್ತಿತ್ತು, ಹಳ್ಳದ ಆಚೆ ಒಂದು ಗಿರಣಿಯ ಹಿಂದೆ ಸಿಕ್ಕಿಕೊಂಡಿತ್ತು. ರಾಜೇಸಾಬ್ ಪ್ರತಿ ಸಲ ಹೋಗಿ ಅದಕ್ಕೆ ಹುಲ್ಲು ತಿನ್ನಿಸಿ, ವಾಪಸು ಬಂದು ಆಯಿಯ ಮುಂದೆ ಬರಿಗೈಯಲ್ಲಿ ನಿಲ್ಲುತ್ತಿದ್ದ. "ಆಡ ಕೊಟ್ಟೀ ಅಂದ್ರ ನೋಡು" ಎಂದು ನನಗೆ ಎಚ್ಚರಿಕೆ ಬೇರೆ. "ಸಿಕ್ಕಮ್ಯಾಲ ಆಕಿ ನಮ್ಮನ್ನ ಯಾಕ ಮಾತಾಡಸ್ತಾಳ?"

ನಾಲ್ಕು ತಿಂಗಳಲ್ಲಿ ನಾನು ಉಳಿದ ಕೆಲಸಗಳನ್ನೆಲ್ಲ ಮುಗಿಸಿದೆ. ರಾಜನನ್ನು ಪಟ್ಟಕ್ಕೆ ಕೂರಿಸಿದೆ. ಪಟ್ಟಿಯಲ್ಲಿ ಒಂದೇ ಒಂದು ಉಳಿಯಿತು: ಮುದುಕಿಯ ಆಡು. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಯ ಚೂರಿನ ಹಾಗೆ ಅದು ನನ್ನನ್ನು ಕಾಡಿತು. ಅದೇ ತಿಂಗಳ ಕೊನೆಗೆ ರಾಜೇಸಾಬ್ ಸಂಬಂಧಿಕರ ಮದುವೆಗೆಂದು ರಾಮದುರ್ಗಕ್ಕೆ ಹೋದ. ಕಚೇರಿಯಲ್ಲಿ ಬಾಕಿ ಸೊನ್ನೆ ಎಂದು ಬರೆದು ಸಹಿ ಮಾಡಿಸಿ ಬಂದ ಸಂಜೆ, ಅದೇ ಹುರುಪಿನಲ್ಲಿ, ನಾನು ಒಬ್ಬನೇ ಕುಳಿತು ಟಿವಿ ಹಾಕಿದೆ. ಪಾಳಿ ತಪ್ಪಿಸಿ ಕಾಲುವೆಯ ಗೇಟು ಎತ್ತಿದ ರೈತರಿಗೆ ನೋಟಿಸು ಬರೆಯುವವನು ನಾನು. ಹತ್ತು ನಿಮಿಷ ಹಿಡಿಯಲಿಲ್ಲ. ಆಡನ್ನು ಹೊಡೆದುಕೊಂಡು ಬಂದು ಒಪ್ಪಿಸಿದೆ. ಆಯಿ ಒಂದು ತಾಮ್ರದ ಬಳೆ ಕೊಟ್ಟಳು, ಇನ್ನು ಮಗಳ ಊರಿಗೆ ಹೋಗುತ್ತೇನೆಂದಳು, ಗುಡಿಸಲಿಗೆ ಬೀಗ ಹಾಕಿ ಗುಡ್ಡ ದಾಟಿ ಹೋದಳು. ತುತ್ತೂರಿ ಊದಿತು. ಪಟ್ಟಿ ಖಾಲಿ. ಇನ್ನು ನೀನು ಎಲ್ಲಿ ಬೇಕಾದರೂ ಹೋಗಬಹುದು ಎಂದು ಪರದೆಯ ಮೇಲೆ ಬಂತು.

ಬಾಕಿಯೊಂದೇ ಕಾರಣ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಸುಳ್ಳು. ಪ್ರತಿ ವಾರ ಹೊಸ ಬೈಗಳು ಹುಟ್ಟಿಸಿ ಹುಟ್ಟಿಸಿ ನನಗೆ ಸಾಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಕಡತ ಮುಚ್ಚುವುದು ಸುಲಭವೆಂದು ಕಂಡಿತು.

ಐತವಾರ ರಾಜೇಸಾಬ್ ಬಂದ. ಮದುವೆಯ ಲಾಡು ತಂದಿದ್ದ. ನೇರ ಗುಡಿಸಲಿಗೆ ಹೋದ, ಬೀಗ ನೋಡಿದ, ಸುತ್ತ ಒಂದು ಸುತ್ತು ಬಂದ, ಗಿರಣಿಯ ಹಿಂದೆಯೂ ಹೋಗಿ ನೋಡಿದ.

"ಎಲ್ಲಿ ಹೋದ್ಲು?"

"ಮಗಳ ಊರಿಗೆ. ಆಡ ಸಿಕ್ಕಿತು" ಎಂದೆ.

ಅವನು ರಿಮೋಟನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ಒಳಗಿನಿಂದ ಬಂದ ನನ್ನ ಹೆಂಡತಿ, "ರಾಜೇಸಾಬ್ ಅಣ್ಣಾರು ಚಾ ಬಿಟ್ಟ ಹೋದ್ರಲ್ರಿ. ಏನಂದ್ರಿ ನೀವು?" ಎಂದು ಕೇಳಿದಳು. ಏನೂ ಅಂದಿಲ್ಲ ಎಂದೆ. "ಹಂಗಾರ ಅದಕ್ಕ ಇರಬೇಕು" ಎಂದು ಕಪ್ಪು ಎತ್ತಿಕೊಂಡು ಹೋದಳು.

ಮೂರು ಐತವಾರ ಅವನು ಬರಲಿಲ್ಲ. ನಾನು ಸುಮಾಳಿಗೆ ಫೋನ್ ಮಾಡಿದೆ. "ಪಪ್ಪಾ, ಆಡ ಕೊಡೂಕಿಂತ ಮೊದ್ಲ ಆಟ ಸೇವ್ ಮಾಡಿ ಇಟ್ಟಿರ್ತೀರಲಾ, ಅದನ್ನ ತಗೀರಿ" ಎಂದಳು. ನಾನು ಇಟ್ಟಿರಲಿಲ್ಲ. ಒಂದೇ ಪ್ರಕರಣಕ್ಕೆ ಎರಡು ಕಡತ ಇದ್ದರೆ ತೊಂದರೆ ಎಂದು ಪ್ರತಿ ಸಲ ಹಳೆಯದರ ಮೇಲೇ ಹೊಸದನ್ನು ಉಳಿಸಿದ್ದೆ. ಅವಳು, "ಹೊಸಾ ಆಟ ಚಾಲೂ ಮಾಡ್ರಿ. ಆಕಿ ಮತ್ತ ಅಲ್ಲೇ ಕುಂತಿರ್ತಾಳ" ಎಂದಳು.

ನಾನು ಮತ್ತೆ ಮೊದಲಿನಿಂದ ವೀರನಾದೆ. ಯಾರ ಉಂಗುರವನ್ನೂ ಹುಡುಕಲಿಲ್ಲ, ಯಾವ ತೋಳವನ್ನೂ ಕೊಲ್ಲಲಿಲ್ಲ, ನೇರ ಗುಡ್ಡದ ಬುಡಕ್ಕೆ ನಡೆದೆ. ಆಯಿ ಬಾಗಿಲಲ್ಲಿದ್ದಳು. ಗಾಳಿ ಜೋರು ಎಂದಳು. ಮರುದಿನ ಎರಡೂವರೆ ಮೀಟರ್ ಅರಿವಿ ಕೊಂಡು, ಅದೇ ನೆಪ ಮಾಡಿಕೊಂಡು ರಾಜೇಸಾಬ್‌ನ ಅಂಗಡಿಗೆ ಹೋದೆ. "ಆಯಿ ಬಂದಾಳಲೇ. ಐತವಾರ ಬಾ" ಎಂದೆ.

ಅವನು ಮಶಿನ್ ನಿಲ್ಲಿಸಿದ. "ಈರ್ಯಾ, ನಾ ಇಂಗ್ಲಿಷ್ ಕಲ್ತಿಲ್ಲ ಖರೆ. ಕಿವುಡ ಅಲ್ಲ. ಆಕಿ ಪ್ರತಿ ವಾರ ಅವ ಮೂರ ಮಾತ ಅಂತಿದ್ಲು. ಉಳಿದದ್ದೆಲ್ಲಾ ನೀನ ಅಂತೀ ಅನ್ನೂದು ನನಗ ನೀ ಆಪಾನಂಗ ಬೈದ ಮೊದಲನೇ ದಿನಾನ ಗೊತ್ತಾತು."

"ಮತ್ತ ಹೇಳಲಿಲ್ಲಲಾ?"

"ಹೇಳಿದ್ರ ನಿಲ್ಲಸ್ತಿದ್ದಿ. ನಮ್ಮ ಆಪಾ ಹೆಂಗ ಬೈತಿದ್ಲು ಅಂತ ನೆನಪಿಟ್ಟಾವ ನನ್ನ ಬಿಟ್ರ ನೀ ಒಬ್ಬಾವ ಉಳದೀ." ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ನಿನಗ ಬ್ಯಾಸರಾಗಿತ್ತಂದ್ರ ಬ್ಯಾಸರಾಗೇತಿ ಅನ್ನಬೇಕಿತ್ತು. ಆಕೀನ ಯಾಕ ಊರ ಬಿಡಿಸಿದಿ?"

ಇಪ್ಪತ್ತೆಂಟು ವರ್ಷದಲ್ಲಿ ಯಾವ ಮೇಲಿನವರೂ ನನಗೆ ಇಂಥ ನೋಟಿಸು ಕೊಟ್ಟಿಲ್ಲ. ನನಗೆ ಅಳು ಬಂದಿತ್ತು, ಆದರೆ ಅಂಗಡಿಗೆ ಯಾರೋ ಗಿರಾಕಿ ಬಂದರು. ನಾನು ಅಳತೆಗೆಂದು ಎರಡೂ ಕೈ ಎತ್ತಿ ನಿಂತೆ. ರಾಜೇಸಾಬ್ ಟೇಪು ಮುಟ್ಟಲಿಲ್ಲ. "ಅಳತಿ ಐತಿ. ಅರಿವಿ ಇಟ್ಟ ಹೋಗ್ರಿ" ಎಂದ.

ಆಮೇಲೆ ಮೂರು ಸಲ ಹೋಗಿದ್ದೇನೆ. ಒಮ್ಮೆ ಕ್ಷಮೆ ಕೇಳಲು, ಒಮ್ಮೆ ಲಾಡು ಕೊಡಲು, ಒಮ್ಮೆ ಸುಮ್ಮನೆ. ಬಾಗಿಲಲ್ಲಿ ನನ್ನನ್ನು ಕಂಡರೆ ಸಾಕು, ಅದೇ ಮಾತು, ಅದೇ ದನಿ: "ಅಳತಿ ಐತಿ. ಅರಿವಿ ಇಟ್ಟ ಹೋಗ್ರಿ." ಮನೆಯಲ್ಲಿ ಆಯಿ ಗುಡಿಸಲಿನ ಬಾಗಿಲಲ್ಲೇ ಕುಳಿತಿದ್ದಾಳೆ. ಐತವಾರ ಮಧ್ಯಾಹ್ನ ನನ್ನ ವೀರ ಹೋಗಿ ಅವಳ ಮುಂದೆ ನಿಲ್ಲುತ್ತಾನೆ. ಅವಳು ತನ್ನ ಮೂರು ಮಾತು ಹೇಳುತ್ತಾಳೆ, ಕನ್ನಡ ಮಾಡಿ ಯಾರಿಗೆ ಹೇಳಲಿ? ಆಡನ್ನು ಮಾತ್ರ ಈ ಸಲ ಮುಟ್ಟಿಲ್ಲ. ಪಟ್ಟಿಯಲ್ಲಿ ಆ ಬಾಕಿ ಹಾಗೇ ಇದೆ.

ಹೊಸ ಪ್ಯಾಂಟು ಬಂದಿದೆ. ಹಳೆಯ ಅಳತೆಯದು, ಸೊಂಟಕ್ಕೆ ಎರಡು ಬೆರಳು ಬಿಗಿ, ಹಾಕಿಕೊಂಡರೆ ಕುಳಿತುಕೊಳ್ಳಲು ಆಗುವುದಿಲ್ಲ. ಸಡಿಲು ಮಾಡಿಕೊಡು ಎಂದು ಕೇಳುವ ಮುಖ ನನಗಿಲ್ಲ. ನಿನ್ನೆ ಅದನ್ನೇ ಹಾಕಿಕೊಂಡು ಕಚೇರಿಯಲ್ಲಿ ಕಿಟಕಿಯ ಹತ್ತಿರ ನೆಟ್ಟಗೆ ನಿಂತಿದ್ದೆ. ಮುನವಳ್ಳಿ ಕಡೆಯ ವಯಸ್ಸಾದ ರೈತರೊಬ್ಬರು ಅರ್ಜಿ ಹಿಡಿದು ಬಂದರು, ಈ ಸಲದ ಪಾಳಿ ಯಾವಾಗ ಎಂದು ಕೇಳಿದರು.

"ಸಾಹೇಬ್ರು ಬರ್ಲಿ, ಬಂದಮ್ಯಾಲ ಬರ್ರಿ" ಎಂದೆ.

"ಹೋದ ವಾರಾನೂ ಇದನ್ನ ಅಂದಿದ್ರಲ್ರಿ" ಎಂದು ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಬೇರೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಅದನ್ನೇ ಹೇಳಿದೆ.