ಮಾಮಾನ ದೀಕ್ಷಾಸ್ನಾನಗಳು

ಯೇಸುಸ್ವಾಮಿಯೊಬ್ಬನನ್ನು ಬಿಟ್ಟರೆ ಚರ್ಚಿನಲ್ಲಿ ಯಾರ ಮಾತನ್ನೂ ನಂಬದ ಕ್ರೈಸ್ತ ನಮ್ಮ ಮಾಮಾ! ಮಾಮಾ ಎಂದರೆ ನನ್ನ ಸೋದರಮಾವ. ಅಥಣಿ ಕಡೆಯ ಶಾಲೆಯೊಂದರಲ್ಲಿ ಮಾಸ್ತರನಾಗಿ ನಿವೃತ್ತನಾದವನು. "ಸತ್ಯವೇದದಾಗ ಎಲ್ಲೈತಿ, ತೋರಸ್ರಿ" ಎಂದು ಬೈಬಲ್ ಮುಂದೆ ಹಿಡಿಯುವುದು ಅವನ ಮಾಮೂಲಿ ಸವಾಲು. ಇಂಥವನ ಮನೆಯಲ್ಲೇ ಮೊಮ್ಮಗುವಿನ ದೀಕ್ಷಾಸ್ನಾನದ ಪ್ರಶ್ನೆ ಎದ್ದರೆ ಏನೇನಾಗಬೇಡ?

ಅದಕ್ಕೂ ಮೊದಲು ಅವನ ಪ್ರತಾಪ ಸ್ವಲ್ಪ ಕೇಳಿ. ಕ್ರಿಸ್‌ಮಸ್ ಬಂದರೆ, ಡಿಸೆಂಬರ್ ಇಪ್ಪತ್ತೈದು ಅಂತ ಎಲ್ಲಿ ಬರೆದಿದೆ, ಕೇಕು ಎಲ್ಲಿದೆ ಎಂದು ಜಗಳ ತೆಗೆಯುತ್ತಲೇ ಮಾಮಿ ಮಾಡಿದ ಕರ್ಚಿಕಾಯಿ ಡಬ್ಬಿ ಖಾಲಿ ಮಾಡುತ್ತಿದ್ದ. ಕರ್ಚಿಕಾಯಿ ಎಲ್ಲಿದೆ ಮಾಮಾ ಎಂದರೆ, ತಿನ್ನಬಾರದು ಅಂತಲೂ ಬರೆದಿಲ್ಲವಲ್ಲ ಎನ್ನುತ್ತಿದ್ದ!

ಚಪ್ಪಲಿ ಹೊರಗೆ ಬಿಟ್ಟು ಚರ್ಚಿನೊಳಗೆ ಹೋಗುವುದು ನಮ್ಮ ಕಡೆಯ ರೂಢಿ. ಅದಕ್ಕೂ ಆಧಾರ ಕೇಳಿದ. ಪಾದ್ರಿಗಳು ಮೆಲ್ಲಗೆ, ದೇವರ ಸನ್ನಿಧಿಯಲ್ಲಿ ಮೋಶೆ ಕಾಲಿನ ಕೆರ ಕಳಚಿದ ಭಾಗವನ್ನೇ ತೆರೆದು ತೋರಿಸಿದರು. ಸೋತ ಮಾಮಾ ಮುಂದಿನ ಭಾನುವಾರ ಎಲ್ಲರಿಗಿಂತ ಹೆಚ್ಚು ನಿಷ್ಠೆ ತೋರಿಸಲು ಹೋಗಿ ಗೇಟಿನ ಹೊರಗೇ ಚಪ್ಪಲಿ ಬಿಟ್ಟ. ಆರಾಧನೆ ಮುಗಿಯುವಷ್ಟರಲ್ಲಿ ಅವು ಯಾರದೋ ಕಾಲು ಸೇರಿದ್ದವು.

ಹಸುಗೂಸಾಗಿದ್ದಾಗ ಅವನಿಗೂ ಎಲ್ಲರಂತೆ ಚರ್ಚಿನಲ್ಲಿ ಹಣೆಗೆ ನೀರು ಹಚ್ಚಿ ದೀಕ್ಷಾಸ್ನಾನ ಮಾಡಿಸಿದ್ದರು. ನಂಬಿಕೆ ಎಂದರೇನೆಂದೇ ಗೊತ್ತಿಲ್ಲದ ಕೂಸಿಗೆ ಅದೆಂಥ ಸ್ನಾನ? ನಂಬಿದವನು ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು ಎಂದು ಮಾಮಾ ನಿವೃತ್ತಿಯಾದ ಮೇಲೆ ಬೇರೊಂದು ಪಂಗಡದ ಪಾಸ್ಟರರನ್ನು ಹಿಡಿದು, ಅಂಕಲಿ ಹತ್ತಿರ ಕೃಷ್ಣೆಗೆ ಇಳಿದ. ದಂಡೆಯಲ್ಲಿ ಪಂಪು ಚಾಲೂ ಮಾಡುತ್ತಿದ್ದ ರೈತನೊಬ್ಬ, "ನಿನ್ನಿ ಇಲ್ಲೇ ಮೊಸಳಿ ಮಲಗಿತ್ತರಿ ಸರ" ಅಂದ. ಮಾಮಾ ಅದನ್ನು ಕೇಳಿಸಿಕೊಂಡದ್ದು ಮುಳುಗುವ ಮೊದಲೋ, ಮುಳುಗಿದ ಮೇಲೋ? ಪಾಸ್ಟರರಿಗಿಂತ ಮುಂಚೆ ದಂಡೆ ಮುಟ್ಟಿದ್ದಂತೂ ನಿಜ. ನೆತ್ತಿ ಒಣಗೇ ಇತ್ತು ಎಂದು ಮಾಮಿ ಇಂದಿಗೂ ಸಾಧಿಸುತ್ತಾಳೆ.

ಮಾಮಿಗೆ ರೂಢಿಯೇ ದೊಡ್ಡದು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, ಕೂಸಿನ ದೀಕ್ಷಾಸ್ನಾನಕ್ಕೆಂದು ಬಿಳಿ ಅಂಗಿ ಹೊಲಿಸಿ ಇಟ್ಟಳು. ಈ ಮನೆಯ ಮಕ್ಕಳೆಲ್ಲ ತೊಟ್ಟಿಲಲ್ಲಿದ್ದಾಗಲೇ ದೇವರಿಗೆ ಒಪ್ಪಿಸಲ್ಪಟ್ಟವರು, ಮೊಮ್ಮಗುವೂ ಹಾಗೇ ಆಗಬೇಕೆಂಬುದು ಅವಳ ಆಸೆ. ಮಾಮಾ ಜಗ್ಗಲಿಲ್ಲ. "ಕೂಸು ದೊಡ್ಡದಾಗಿ ತಾನ ಕೇಳಬೇಕು. ಅಲ್ಲೀತನಕಾ ಒಂದ ಹನಿ ನೀರ ಮುಟ್ಟಸಗೊಡೂದಿಲ್ಲ" ಎಂದ. ಮಾಮಿ ಅಂಗಿಗೆ ಇಸ್ತ್ರಿ ಮಾಡಿದಳು.

ಕೂಸು ಅವಸರ ಮಾಡಿತು. ತಿಂಗಳು ತುಂಬುವ ಮೊದಲೇ ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಹುಟ್ಟಿ ಗಾಜಿನ ಪೆಟ್ಟಿಗೆ ಸೇರಿತು. ಹೆಣ್ಣು. ಮರುದಿನ ಬೆಳಿಗ್ಗೆ ಡಾಕ್ಟರು, ಭರವಸೆ ಕೊಡಲಾರೆ ಎಂದುಬಿಟ್ಟರು. ಪಾದ್ರಿಗಳು ರಾಯಬಾಗದಲ್ಲಿ ಮದುವೆಯೊಂದನ್ನು ನಡೆಸಿಕೊಡಲು ಹೋಗಿದ್ದರು, ಬರುವುದು ಹೊತ್ತಾಗುತ್ತಿತ್ತು. ಕೂಸು ಹಣೆಗೆ ನೀರು ಬೀಳದೆ ಹೋಗುತ್ತದಲ್ಲ ಎಂದು ಮಾಮಿ ಬೆಂಚಿನ ಮೇಲೆ ಕುಳಿತು ಬಿಕ್ಕುತ್ತಿದ್ದಳು.

ಮಾಮಾ ಅವಳನ್ನೇ ನೋಡಿದ. ಆಮೇಲೆ ನರ್ಸಬಾಯಿಯ ಒಪ್ಪಿಗೆ ಕೇಳಿ, ಕೈ ತೊಳೆದುಕೊಂಡು ಒಳಗೆ ಹೋದ. ನಾವು ಕಿಟಕಿಯಾಚೆ ನಿಂತು ನೋಡಿದೆವು. ಆಕೆ ಕೊಟ್ಟ ಕಾಯಿಸಿ ಆರಿಸಿದ ನೀರಿನಲ್ಲಿ ಬೆರಳ ತುದಿ ಅದ್ದಿ, ತಂದೆ, ಮಗ, ಪವಿತ್ರಾತ್ಮ ಎಂದು ಹೆಸರಿಗೊಂದು ಸಲ ಆ ಪುಟ್ಟ ಹಣೆಗೆ ಹಚ್ಚಿದ. ಇಷ್ಟು ವರ್ಷ ಅವನನ್ನು ನೋಡಿ ನಕ್ಕಿದ್ದ ನನಗೆ ಆಗ ಅವನ ಮೇಲೆ ತಡೆಯಲಾರದಷ್ಟು ಅಕ್ಕರೆ ಬಂತು.

ಸಂಜೆ ಬಂದ ಪಾದ್ರಿಗಳು, ಇಂಥ ಹೊತ್ತಿನಲ್ಲಿ ವಿಶ್ವಾಸಿ ಯಾರೇ ಮಾಡಿದರೂ ಚರ್ಚು ಒಪ್ಪುತ್ತದೆ, ಮತ್ತೊಮ್ಮೆ ಬೇಕಿಲ್ಲ ಎಂದರು. ಕೂಸು ಗಟ್ಟಿ ಪಿಂಡ, ಬದುಕಿತು. ಈಗ ಆರಾಧನೆಯ ನಡುವೆ ಚರ್ಚಿನ ತುಂಬ ಓಡಾಡಿ ಅಜ್ಜನ ಹೆಗಲೇರುತ್ತದೆ. ಮೊನ್ನೆ ಅದನ್ನು ನೋಡುತ್ತ, ಆವತ್ತು ನಿನ್ನ ವಾದವೆಲ್ಲ ಎಲ್ಲಿ ಹೋಗಿತ್ತು ಮಾಮಾ ಎಂದು ಕೆಣಕಿದೆ. ಯಾವುದಾದರೂ ಅಧ್ಯಾಯ ಬಿಚ್ಚುತ್ತಾನೆ ಅಂದುಕೊಂಡೆ.

"ಆ ಹೊತ್ನ್ಯಾಗ ನನಗ ಒಂದ ವಚನಾನೂ ನೆನಪಾಗಲಿಲ್ಲೋ" ಅಂದ. "ನಿಮ್ಮ ಮಾಮಿ ಅಳಾಕತ್ತಿದ್ದಳು."