ಹನೋಯಿಗೆ ಹೋದ ಎಣ್ಣೆಗಾಯಿ

ವಿದೇಶಕ್ಕೆ ಹೊರಟವರಿಗೆ ವೀಸಾಕ್ಕಿಂತ ಮೊದಲು ಸಿಗುವುದು ಸಲಹೆ. ನಾನು ವಿಯೆಟ್ನಾಮಿಗೆ ಹೊರಟ ಸುದ್ದಿ ರಾಯಚೂರಿನ ನಮ್ಮ ಓಣಿಯಲ್ಲಿ ಹಬ್ಬಿದ ಮೇಲೆ, ಜಿಲ್ಲೆ ದಾಟದವರು ಕೂಡ ಅಲ್ಲಿ ಉಂಡು ಬಂದವರಂತೆ ಮಾತಾಡತೊಡಗಿದರು. "ಅಲ್ಲಿ ನೀರು ಮುಟ್ಟಬ್ಯಾಡ್ರಿ ಮೇಡಂ" ಎಂದರು ಕಿರಾಣಿ ಅಂಗಡಿಯವರು. "ಹರಿದಾಡೋದನ್ನೆಲ್ಲ ತಿಂತಾರಂತ" ಎಂದಳು ಎದುರು ಮನೆಯಾಕೆ, ಬಾಯಿಗೆ ಸೆರಗು ಹಿಡಿದು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಹೆಚ್ಚು ಮಾತಾಡದವರಿಗೆ ಬುದ್ಧಿ ಹೇಳುವುದು ಜನಕ್ಕೆ ಬಹಳ ಸುಲಭ.

ಹೊರಟದ್ದು ಒಂದು ವಿಚಾರ ಸಂಕಿರಣಕ್ಕೆ. ದೇವದುರ್ಗದ ಕಡೆ ಕಳೆ ತೆಗೆಯುವ ಹೆಣ್ಣುಮಕ್ಕಳು ಹಾಡುವ ಹಾಡುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದೆ. ಅರ್ಧ ಹಾಡುಗಳು ಅವ್ವನವೇ. ಗಬ್ಬೂರಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಾಗ ಆಕೆ ಕಲಿತವು. ಅವುಗಳ ಬಗ್ಗೆ ಹೊರದೇಶದಲ್ಲಿ ನಾನೇ ನಿಂತು ಓದಬೇಕು ಎನ್ನುವುದೊಂದೇ ನನ್ನ ಆಸೆ. ಮಾನ್ವಿಯ ನಮ್ಮ ಕಾಲೇಜಿನ ವಿಭಾಗ ಮುಖ್ಯಸ್ಥರೂ ಜೊತೆಗೆ ಹೊರಟಿದ್ದರು. ಸರ್ ಓದುವುದೇನೂ ಇರಲಿಲ್ಲ, ಮಾರ್ಗದರ್ಶನಕ್ಕೆಂದು ಬಂದಿದ್ದರು.

ಹೊರಡುವ ದಿನ ಅವ್ವ ಕಟಕ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ಕಟ್ಟಿದಳು. ಬದನೆಕಾಯಿ ಎಣ್ಣೆಗಾಯಿಯನ್ನು ಹೊಗೆಯಾಡುತ್ತಿರುವಾಗಲೇ ಸ್ಟೀಲ್ ಡಬ್ಬಿಗೆ ಒತ್ತಿ, ಬಿಗಿಯಾಗಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿದಳು.

"ಆರಲಿ ಬೇ ಯವ್ವಾ."

"ಆರಿದ್ರ ರುಚಿ ಹೋಗ್ತದ. ಎಣ್ಣಿ ಭಾಳ ಹಾಕೀನಿ, ವಾರ ಇಟ್ರೂ ಏನಾಗಾದಿಲ್ಲ. ಸುಮ್ನ ತಗೊಂಡು ಹೋಗು."

ಹನೋಯಿಯಲ್ಲಿ ನನ್ನ ಎಚ್ಚರಿಕೆ ನೋಡುವಂತಿತ್ತು. ಸೀಲು ಒಡೆಯದ ಬಾಟಲಿಯ ನೀರಿನಲ್ಲೇ ಹಲ್ಲುಜ್ಜಿದೆ. ಐಸ್ ಬೇಡ, ಹೆಚ್ಚಿಟ್ಟ ಹಣ್ಣು ಬೇಡ. ಅಲ್ಲಿಯವರು ಕಣ್ಣೆದುರೇ ಕುದಿಸಿ ಬಟ್ಟಲಿಗೆ ಬಡಿಸುತ್ತಿದ್ದ ಶಾವಿಗೆ ಸಾರಿನ ಮುಂದೆ ನಿಂತು, ಹಸಿವಿಲ್ಲವೆಂದು ನಕ್ಕು, ರೂಮಿಗೆ ಓಡಿಬಂದು ಡಬ್ಬಿ ತೆರೆದೆ. ಎರಡನೆಯ ದಿನ ಪಲ್ಯ ಹುಳಿ ಬಂದಿತ್ತು. ಚೆಲ್ಲಲು ಎದ್ದೆ. ಆದರೆ ನಮ್ಮ ಮನೆಯಲ್ಲಿ ಊಟ ಚೆಲ್ಲಿದವರಿಲ್ಲ. ತಂಗಳಿಗೆ ಒಗ್ಗರಣೆ ಹಾಕಿಕೊಂಡು ಉಂಡೇ ದೊಡ್ಡವರಾದವರು ನಾವು. ಪಿಎಚ್‌ಡಿ ಮಾಡಿದ ನಾನು ಆ ಪಲ್ಯವನ್ನು ಮೂಸಿದೆ, ಇನ್ನೊಮ್ಮೆ ಮೂಸಿದೆ, ಹಿಂಡಿ ಹಚ್ಚಿಕೊಂಡು ತಿಂದೆ.

ಮರುದಿನ ವೇದಿಕೆಯ ಮೇಲೆ ಇರಬೇಕಾದ ಹೊತ್ತಿಗೆ ಬಚ್ಚಲಿನ ನೆಲದ ಮೇಲೆ ಕೂತಿದ್ದೆ. ಡಾಕ್ಟರು ಬಂದು, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಗಂಜಿ ತಿನ್ನಿ, ಜ್ವರವೋ ರಕ್ತವೋ ಕಂಡರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂದರು. ಇಲ್ಲಿ ಏನು ತಿಂದಿರಿ ಎಂದು ಅಂಜುತ್ತಲೇ ಕೇಳಿದರು. ಇಲ್ಲಿಯದು ಏನೂ ಇಲ್ಲ ಎಂದು ಡಬ್ಬಿ ತೋರಿಸಿದೆ. ಅವರು ಮುಚ್ಚಳ ತೆಗೆದು, ತೆಗೆದಷ್ಟೇ ಬೇಗ ಮುಚ್ಚಿದರು. ಬಾಗಿಲಲ್ಲಿ ನಿಂತಿದ್ದ ಸರ್, "ನೀವು ಮಲ್ಕೋರ್ರಿ ಮೇಡಂ, ನಾನು ಓದ್ತೀನಿ" ಎಂದರು. ಒಂದು ಕೈಯಲ್ಲಿ ಮೂಗಿಗೆ ಹಿಡಿದ ಕರವಸ್ತ್ರವಿತ್ತು. ಇನ್ನೊಂದರಲ್ಲಿ ಆಗಲೇ ನನ್ನ ಹಾಳೆಗಳಿದ್ದವು.

ಊರಿಗೆ ಬಂದವಳೇ, ಎಣ್ಣೆಗಾಯಿಯಿಂದ ಹೀಗಾಯಿತು ಎಂದೆ. "ಹುಚ್ಚಿ ಅದೀಯೇನು? ಮನಿ ಊಟದಿಂದ ಯಾರಿಗರ ಹೊಟ್ಟಿ ಕೆಡ್ತದೇನು? ಆ ದೇಶದ ಗಾಳಿ ಬಡದದ ನಿನಗ" ಎಂದಳು ಅವ್ವ. ಅಲ್ಲಿಗೆ ತನಿಖೆ ಮುಗಿಯಿತು.

ಹೊರದೇಶದಲ್ಲಿ ಪ್ರಬಂಧ ಓದಿ ಬಂದರೆಂದು ಕಾಲೇಜಿನಲ್ಲಿ ಸರ್ ಅವರಿಗೆ ಸನ್ಮಾನ ಇಟ್ಟುಕೊಂಡರು. ಅವ್ವನನ್ನೂ ಕರೆದಿದ್ದರು. ಶಾಲು ಹೊದ್ದ ಸರ್ "ನಮ್ಮ ತಾಯಂದಿರ ಹಾಡು" ಎಂದು ಗದ್ಗದಿತರಾಗಿ ಮಾತಾಡಿದರು. ಅವರ ಮನೆಯ ತಾಯಂದಿರು ಯಾವ ಹೊಲದಲ್ಲಿ ಕಳೆ ತೆಗೆದರೋ ನನಗೆ ಗೊತ್ತಿಲ್ಲ. ಆಮೇಲೆ, "ಈಗ ಮೇಡಂ ತಮ್ಮ ಅನುಭವ ಹೇಳ್ತಾರ" ಎಂದು ಮೈಕು ನನ್ನ ಕಡೆ ತಿರುಗಿಸಿದರು. ಹಾಡುಗಳ ಬಗ್ಗೆ ಹೇಳುವುದನ್ನೆಲ್ಲ ಅವರೇ ಹೇಳಿಯಾಗಿತ್ತು. ನನಗೆ ಉಳಿದದ್ದು ಭೇದಿ.

ಹೇಳಿದೆ. ನೀರು ಕುದಿಸಿರಬೇಕು, ಊಟ ಬಿಸಿಯಾಗಿರಬೇಕು, ಕೈ ಸೋಪು ಹಚ್ಚಿ ತೊಳೆಯಬೇಕು. ಬಿಸಿ ಪಲ್ಯವನ್ನು ಡಬ್ಬಿಯಲ್ಲಿ ಬಿಗಿದು ಎರಡು ದಿನ ಇಟ್ಟು ತಿನ್ನಬಾರದು. ಹುಳಿ ವಾಸನೆ ಬಂದರೆ ಚೆಲ್ಲಬೇಕು, ಯಾರೇ ಮಾಡಿರಲಿ. ಮುಂದಿನ ಸಾಲಿನಲ್ಲಿದ್ದ ಅವ್ವ ಪಕ್ಕದಾಕೆಯ ಕಡೆ ಬಾಗಿ, "ಆ ದೇಶದಾಗ ಹಂಗ ಇಟ್ಟು ತಿಂತಾರಂತ ನೋಡ್ರಿ, ಹೊಲಸು ಮಂದಿ" ಎಂದಳು.

ಹಾಡುಗಳ ಮಾತಿಗೆ ಆಕಳಿಸುತ್ತಿದ್ದ ಸಭೆ ಈಗ ನೆಟ್ಟಗೆ ಕೂತಿತ್ತು. "ಬಾಳಿಹಣ್ಣು ನಡೀತದೇನ್ರಿ ಮೇಡಂ?" "ಮಜ್ಜಿಗಿ?" ಸರ್ ಗಡಿಯಾರ ತೋರಿಸಿ ಸನ್ನೆ ಮಾಡಿದರು. ಹೊರದೇಶದಲ್ಲಿ ಸಿಗದೇಹೋದ ಮೈಕು ಅಂತೂ ಕೈಗೆ ಬಂದಿತ್ತು. ಯಾವ ವಿಷಯಕ್ಕೆ ಬಂತು ಎಂದು ನೋಡುವಷ್ಟು ಮಾನ ನನ್ನಲ್ಲಿ ಉಳಿದಿರಲಿಲ್ಲ. ಸರ್ ಕಡೆ ಬೆನ್ನು ತಿರುಗಿಸಿ, "ಇನ್ನೂ ಯಾರಿಗಾದರೂ ಪ್ರಶ್ನೆಗಳಿವೆಯೇ?" ಎಂದು ಕೇಳಿದೆ.