ಅತ್ತೆಯ ತಂಡಕ್ಕೆ ಎಷ್ಟನೇ ಸ್ಥಾನ?

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಈರಿ ಊರಿನ ಸರೋವರದ ಮೇಲೆ ಮಂಜುಗಡ್ಡೆ ಬಿರಿಯುತ್ತದೆ. ಎಲ್ಡನ್ ಹಡ್ಲಿಕ್‌ನ ಹೊಟ್ಟೆಯೊಳಗೆ ಅದೇ ಹೊತ್ತಿಗೆ ಒಂದು ಗಡ್ಡೆ ಕಟ್ಟುತ್ತದೆ. ಡಾಕ್ಟರಿಗೆ ತೋರಿಸಿ ಪ್ರಯೋಜನವಿಲ್ಲ. ಅದು ಏಪ್ರಿಲ್ ಎರಡನೇ ವಾರಕ್ಕೆ ತಾನಾಗಿ ಕರಗುವ ಕಾಯಿಲೆ. ಅದರ ಹೆಸರು ಭವಿಷ್ಯವಾಣಿ.

ಎಲ್ಡನ್‌ನ ಹೆಂಡತಿಯ ಕಡೆಯವರು, ಅಂದರೆ ಜಬ್ಲೊನ್ಸ್ಕಿ ವಂಶಸ್ಥರು, ಫ್ಯಾಂಟಸಿ ಬೇಸ್‌ಬಾಲ್ ಆಡುತ್ತಾರೆ. ದೇಶದ ನಿಜವಾದ ಆಟಗಾರರನ್ನು ಕಾಗದದ ಮೇಲೆ ಎಂಟು ತಂಡಗಳಾಗಿ ಹಂಚಿಕೊಂಡು, ಅವರೆಲ್ಲೋ ಬೆವರು ಸುರಿಸಿ ಗಳಿಸಿದ್ದನ್ನು ತಾವು ಸೋಫಾದ ಮೇಲೆ ಕೂತು ತಮ್ಮ ಅಂಕವೆಂದು ಎಣಿಸಿಕೊಳ್ಳುವ ಆಟ ಅದು. ಪಂದ್ಯಗಳು ಶುರುವಾಗುವ ಮುಂಚಿನ ಭಾನುವಾರ ಎಲ್ಲರೂ ಒಂದೆಡೆ ಊಟಕ್ಕೆ ಸೇರುತ್ತಾರೆ. ಆಗ ಒಬ್ಬ ಎದ್ದು ನಿಂತು, ಈ ವರ್ಷ ಯಾರು ಮೊದಲು ಬರುತ್ತಾರೆ, ಯಾರು ಕೊನೆಗೆ ಬೀಳುತ್ತಾರೆ ಎಂದು ಒಬ್ಬೊಬ್ಬರ ಮಾನವನ್ನೂ ಹರಾಜು ಹಾಕುತ್ತಾ ಓದಬೇಕು. ಹನ್ನೊಂದು ವರ್ಷದಿಂದ ಆ ಒಬ್ಬ ಎಲ್ಡನ್. ಮಾವ ಕ್ಯಾಸಿಮಿರ್ ಅವರೇ ಆ ಪಟ್ಟ ಕಟ್ಟಿದ್ದರು. "ನೀನು ರೇಡಿಯೋದಲ್ಲಿ ಹವಾಮಾನ ಓದೋನು. ತಪ್ಪು ಭವಿಷ್ಯ ಹೇಳಿ ಅಭ್ಯಾಸ ಇದೆ," ಎಂದು ಕಾರಣವನ್ನೂ ಕೊಟ್ಟಿದ್ದರು.

ಆದರೆ ಎಲ್ಡನ್‌ಗೆ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಿತ್ತು. ಮೋಡಗಳ ಬಗ್ಗೆ ಏನು ಹೇಳಿದರೂ ಅವು ಫೋನ್ ಮಾಡಿ ಜಗಳ ತೆಗೆಯುವುದಿಲ್ಲ. ಭಾಮೈದ ತೆಗೆಯುತ್ತಾನೆ.

ಈ ವರ್ಷ ಗಡ್ಡೆ ಫೆಬ್ರವರಿಯಲ್ಲೇ ಕಟ್ಟಿತು. ಕ್ಯಾಸಿಮಿರ್ ಹೋದ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಅವರ ತಂಡವನ್ನು ಏನು ಮಾಡುವುದೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅತ್ತೆ ಫಿಲೊಮಿನಾ, "ಏನು ಮಾಡೋದು ಅಂದ್ರೆ? ನಾನು ಆಡ್ತೀನಿ," ಅಂದುಬಿಟ್ಟರು. ಎಪ್ಪತ್ತೆಂಟು ವರ್ಷ. ಐವತ್ತು ವರ್ಷದ ಸಂಸಾರದಲ್ಲಿ ಬೇಸ್‌ಬಾಲ್‌ಗೂ ಅವರಿಗೂ ಇದ್ದ, ಉಳಿದವರಿಗೆ ತಿಳಿದ ಸಂಬಂಧವೆಂದರೆ, ಟಿವಿ ಮುಂದೆ ಕೂತ ಗಂಡನಿಗೆ ಸಾಸೇಜು ಸುಟ್ಟು ಕೊಡುವುದು.

ಆಟಗಾರರನ್ನು ಆರಿಸಿಕೊಳ್ಳುವ ದಿನ ಅವರು ಗಂಡನ ಹಳೆಯ ಕ್ರೀಡಾಪತ್ರಿಕೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಹುಡುಗಿಗೆ ಗಂಡು ನೋಡುವ ಹಾಗೆ ಒಂದೊಂದೇ ಫೋಟೋ ನೋಡತೊಡಗಿದರು.

"ಇವನು ನನಗಿರ್ಲಿ."

"ಅಮ್ಮಾ, ಅವನಿಗೆ ಮೊಣಕೈ ಆಪರೇಷನ್ ಆಗಿದೆ," ಎಂದ ಮಗ ಡ್ವೇನ್.

"ಪಾಪ. ಹಾಗಾದ್ರೆ ಬೇಕೇ ಬೇಕು. ಇವನೂ ಇರ್ಲಿ."

"ಅವನು ಆಟ ಬಿಟ್ಟು ದೋಣಿ ಮಾರ್ತಿದಾನೆ, ಅಮ್ಮ!"

"ಮಾರ್ಲಿ ಬಿಡು. ಮುಖ ನೋಡು ಎಷ್ಟು ಲಕ್ಷಣವಾಗಿದೆ. ವಾರಕ್ಕೊಂದ್ ಸಲ ತಾಯಿಗೆ ಫೋನ್ ಮಾಡೋ ಮುಖ," ಎಂದು ಫಿಲೊಮಿನಾ ಕನ್ನಡಕದ ಮೇಲಿಂದ ಮಗನನ್ನು ನೋಡಿದರು.

ಅಂದೇ ಎಲ್ಡನ್‌ಗೆ ಸತ್ಯದರ್ಶನವಾಯಿತು. ಈ ತಂಡ ಕೊನೆಯ ಸ್ಥಾನಕ್ಕಿಂತ ಒಂದಿಂಚೂ ಮೇಲೆ ಬರುವುದಿಲ್ಲ. ಆದರೆ ಗಂಡ ಸತ್ತು ಐದು ತಿಂಗಳಾದ ಮುದುಕಿಗೆ, ಅವರದೇ ಮನೆಯ ಊಟದ ಮೇಜಿನಲ್ಲಿ, ಅವರದೇ ಅನ್ನ ತಿನ್ನುತ್ತಾ, ಅದನ್ನು ಹೇಳುವುದು ಹೇಗೆ?

ಅವನು ಮೊದಲು ಸತ್ಯವನ್ನೇ ಬರೆದ, ಎದೆಯ ಭಾರ ಇಳಿಯಲೆಂದು. ಬರೆದು ಓದಿ ತಾನೇ ಬೆವೆತ. ಕಸದ ಬುಟ್ಟಿಗೆ ಹಾಕಿದರೆ ಹೆಂಡತಿಗೆ ಸಿಗುತ್ತದೆ (ಬರ್ನಡೀನ್ ಕಸದ ಬುಟ್ಟಿಯನ್ನು ಕೋರ್ಟಿನ ಕಡತದಂತೆ ಪರಿಶೀಲಿಸುವವಳು). ಹಾಗಾಗಿ ಮಡಚಿ ಕೋಟಿನ ಒಳಜೇಬಿಗೆ ಸೇರಿಸಿದ.

"ಭವಿಷ್ಯ ಎಲ್ಲಿಗೆ ಬಂತು?" ಎಂದು ಬರ್ನಡೀನ್ ಪಾತ್ರೆ ಒರೆಸುತ್ತಾ ಕೇಳಿದಳು.

"ಬರೀತಿದೀನಿ."

"ಅಮ್ಮನ್ನ ಕೊನೇಲಿಟ್ಟೆಯೋ, ನೋಡು."

"ಮತ್ತೆಲ್ಲಿಡ್ಲಿ?"

"ಮೇಲೆ."

"ಎಷ್ಟು ಮೇಲೆ?"

"ಅವಳಿಗೆ ಖುಷಿಯಾಗೋವಷ್ಟು ಮೇಲೆ. ಅನುಮಾನ ಬರದಷ್ಟು ಕೆಳಗೆ."

"ನಿನ್ನ ತಂಡ?"

"ನಂದು ನಿನ್ನ ಮನಸ್ಸಾಕ್ಷಿಗೆ ಬಿಟ್ಟಿದ್ದು," ಎಂದು ಅವಳು ಬಾಣಲೆಯನ್ನು ಮೊಳೆಗೆ ತೂಗುಹಾಕಿದಳು. ಹದಿನೇಳು ವರ್ಷ ಸಂಸಾರ ಮಾಡಿದವನಿಗೆ ಆ ಮಾತಿನ ಅರ್ಥವೂ ತಿಳಿಯುತ್ತದೆ, ಬಾಣಲೆಯ ತೂಕವೂ ತಿಳಿಯುತ್ತದೆ.

ಮರುದಿನ ಡ್ವೇನ್‌ನ ಫೋನು. "ಭಾವ, ಅಮ್ಮ ಅಂತ ಕರುಣೆ ತೋರಿಸೋಕೆ ಹೋಗಿ ನನ್ನನ್ನ ಕೆಳಗೆ ತಳ್ಳಿದ್ರೆ ಚೆನ್ನಾಗಿರಲ್ಲ, ಹೇಳಿದೀನಿ. ನಿಮ್ಮನೆ ಮುಂದಿನ ಹಿಮ ಯಾರು ಬಳೀತಾರೆ ಅಂತ ಸ್ವಲ್ಪ ನೆನಪಿರ್ಲಿ."

ಎಲ್ಡನ್ ಕಿಟಕಿಯಿಂದ ಹೊರಗೆ ನೋಡಿದ. ಮೊಣಕಾಲುದ್ದ ಹಿಮ ಬಿದ್ದಿತ್ತು. (ಬೆಳಿಗ್ಗೆ ಅವನೇ ರೇಡಿಯೋದಲ್ಲಿ "ಅಲ್ಲಲ್ಲಿ ತುಂತುರು" ಎಂದಿದ್ದ.)

ಆ ವಾರ ಅವನು ಮತ್ತೆ ಏಳು ಪ್ರತಿ ಬರೆದು ಏಳನ್ನೂ ಹರಿದ. ಅತ್ತೆಯನ್ನು ಮೊದಲಿಗಿಟ್ಟರೆ ಅಪಹಾಸ್ಯ, ಎರಡಕ್ಕಿಟ್ಟರೆ ಮುಖಸ್ತುತಿ, ಮೂರಕ್ಕಿಟ್ಟರೆ ತನ್ನ ಜಾಗ ಹೋಯಿತು. ಊಟ ರುಚಿಸಲಿಲ್ಲ. ರೇಡಿಯೋದಲ್ಲಿ "ನಾಳೆ ವಾಯವ್ಯದಿಂದ ಅತ್ತೆ ಬೀಸಲಿದ್ದಾರೆ" ಎಂದು ಓದಿ, ಅದನ್ನು ಸರಿಪಡಿಸದೆ ಮುಂದೆ ಹೋದ. ಕೊನೆಗೆ ಒಂಬತ್ತನೆಯ ಪ್ರತಿಯಲ್ಲಿ ಅತ್ತೆಗೆ ನಾಲ್ಕನೇ ಸ್ಥಾನ ದಯಪಾಲಿಸಿ, ಡ್ವೇನ್‌ನನ್ನು ಐದಕ್ಕೆ ಇಳಿಸಿ, ಹೆಂಡತಿಯನ್ನು ಎರಡಕ್ಕೆ ಏರಿಸಿ, ಹಿಮ ಬಳಿಯಲು ಹೊಸ ಸಲಿಕೆಯೊಂದನ್ನು ತಂದಿಟ್ಟುಕೊಂಡ.

ಭಾನುವಾರ ಬಂತು. ಫಿಲೊಮಿನಾರ ಮನೆಯ ಉದ್ದನೆಯ ಮೇಜಿನ ಮೇಲೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೆಣ್ಣೆಯಲ್ಲಿ ಹೊಳೆಯುತ್ತಿತ್ತು. ಬರ್ನಡೀನ್, ಡ್ವೇನ್, ಅಲ್ಲದೆ ನಾಲ್ಕು ಮಂದಿ ದಾಯಾದಿಗಳು. ಅವರಲ್ಲಿ ರೂಡಿ ಎಂಬವನು ವರ್ಷಕ್ಕೆರಡು ಮಾತಾಡುವವನು, ಪ್ರತಿ ವರ್ಷ ಗೆಲ್ಲುವವನು. ಮೇಜಿನ ತುದಿಯಲ್ಲಿ ಕ್ಯಾಸಿಮಿರ್ ಅವರ ಕುರ್ಚಿಯಲ್ಲಿ ಅತ್ತೆ.

ಎಲ್ಡನ್ ಎದ್ದು ಗಂಟಲು ಸರಿಮಾಡಿಕೊಂಡು ಓದಿದ. ಮೊದಲು ರೂಡಿ. ಎರಡು ಬರ್ನಡೀನ್ (ಅವಳು ಮೆಲ್ಲಗೆ ತಲೆದೂಗಿದಳು). ಮೂರು, ವಿನಯಪೂರ್ವಕವಾಗಿ, ತಾನು.

"ನಾಲ್ಕನೇ ಸ್ಥಾನ ನಮ್ಮ ಪೂಜ್ಯ ಅತ್ತೆಯವರ ತಂಡಕ್ಕೆ. ಅನುಭವ ಮತ್ತು ಕೌಟುಂಬಿಕ ಮೌಲ್ಯಗಳ ಸುಂದರ ಸಂಗಮವಾದ ಈ ತಂಡ, ಕೆಲವು ಸಣ್ಣಪುಟ್ಟ ಆರೋಗ್ಯ ಸಮಸ್ಯೆಗಳ ನಡುವೆಯೂ ಎಲ್ಲರ ಗೌರವಕ್ಕೆ..."

"ನಿಲ್ಸು," ಎಂದರು ಫಿಲೊಮಿನಾ.

ಫೋರ್ಕುಗಳೆಲ್ಲ ನಿಂತವು.

"ಏನಿದು? ಶವಪೆಟ್ಟಿಗೆ ಅಂಗಡಿಯೋನ ಥರ ಮಾತಾಡ್ತಿದೀಯ?"

"ಅತ್ತೆ, ಅದು..."

"ಹತ್ತು ವರ್ಷ ನನ್ ಗಂಡನ್ನ ಏನಂತ ಬರೆದೆ? 'ಕ್ಯಾಸಿಮಿರ್ ಅವರ ಚೆಂಡೆಸೆಯುವ ಪಿಚರುಗಳನ್ನು ನೋಡಬಯಸುವವರು ಸಂಜೆ ನಾಲ್ಕರಿಂದ ಆರರೊಳಗೆ ಹಣ್ಣು ಹಂಪಲು ತೆಗೆದುಕೊಂಡು ವಾರ್ಡಿಗೆ ಬರಬೇಕು' ಅಂತ. ಬರೆದ್ಯೋ ಇಲ್ವೋ?"

"ಬರೆದೆ, ಅತ್ತೆ."

"ಆ ಕಾಗದ ಅವರು ಫ್ರಿಜ್ ಬಾಗಿಲಿಗೆ ಅಂಟಿಸ್ಕೊಂಡಿದ್ರು. ಹಾಲು ತೆಗೆಯೋಕೆ ಹೋದಾಗಲೆಲ್ಲ ಓದಿ ನಗ್ತಿದ್ರು. ನನಗೆ ಬಂದಾಗ ಸುಂದರ ಸಂಗಮವಾ? ಬೈಸಿಕೊಳ್ಳೋಕೂ ಯೋಗ್ಯತೆ ಇಲ್ವಾ ನನಗೆ?"

ಫಿಲೊಮಿನಾ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. ಅವರ ಸ್ವರ ಸ್ವಲ್ಪ ಇಳಿಯಿತು. "ಅಕ್ಟೋಬರಿಂದ ಎಲ್ಲರೂ ನನ್ ಹತ್ರ ಪಿಸುಪಿಸು ಅಂತ ಮಾತಾಡ್ತಿದೀರ. ಬಾಗಿಲು ಕೂಡ ಮೆತ್ತಗೆ ಹಾಕ್ತೀರ. ಈ ಮನೇಲಿ ಒಂದು ಜಗಳ ಕೇಳಿ ಐದು ತಿಂಗಳಾಯ್ತು. ಕಿವಿ ಕೆಟ್ಟಿದೆಯೋ ಅಂತ ಡಾಕ್ಟರ್ ಹತ್ರ ಹೋಗಿದ್ದೆ, ಗೊತ್ತಾ?"

ಎಲ್ಡನ್‌ಗೆ ಏನಾಯಿತೋ. ಭಯವೋ, ಮಮತೆಯೋ, ಎರಡೂ ಕೂಡಿದ್ದೋ. ಕೈ ತಾನಾಗಿ ಕೋಟಿನ ಒಳಜೇಬಿಗೆ ಹೋಯಿತು. ಸತ್ಯ ಬರೆದಿಟ್ಟಿದ್ದ ಆ ಮೊದಲ ಪ್ರತಿ ಹೊರಬಂತು.

"ಎಂಟನೆಯ ಮತ್ತು ಕಟ್ಟಕಡೆಯ ಸ್ಥಾನ: ಫಿಲೊಮಿನಾ ಜಬ್ಲೊನ್ಸ್ಕಿ," ಎಂದು ಅವನು ರೇಡಿಯೋ ಕಂಠದಲ್ಲಿ ಓದಿದ. "ಇವರ ತಂಡದಲ್ಲಿ ಒಳ್ಳೆಯ ಮಕ್ಕಳು ಹನ್ನೆರಡು ಮಂದಿ ಇದ್ದಾರೆ, ಆಟಗಾರ ಒಬ್ಬನೂ ಇಲ್ಲ. ಮೂವರಿಗೆ ಮೊಣಕೈಯಿಲ್ಲ, ಇಬ್ಬರಿಗೆ ಮೊಣಕಾಲಿಲ್ಲ. ಒಬ್ಬ ದೋಣಿ ಮಾರುತ್ತಿದ್ದಾನೆ. ತಂಡ ಮುಳುಗುವಾಗ ಉಪಯೋಗಕ್ಕೆ ಬರುವವನು ಅವನೊಬ್ಬನೇ."

ಫಿಲೊಮಿನಾರ ಭುಜ ಅಲುಗಿತು. ಅಳುತ್ತಿದ್ದಾರೆಂದು ಬರ್ನಡೀನ್ ಎದ್ದೇಬಿಟ್ಟಳು. ಅವರು ನಗುತ್ತಿದ್ದರು. ನಕ್ಕು ನಕ್ಕು ಮೇಜು ಗುದ್ದಿದರು. "ಇದು! ಇದು ನೋಡು! ಓದು, ಇನ್ನೂ ಓದು!"

ಹೊಗಳಿಕೆ ಎಲ್ಡನ್‌ನ ತಲೆಗೇರಿತು. ಆ ಪ್ರತಿಯಲ್ಲಿ ಮತ್ತೇನೇನು ಬರೆದಿದ್ದೆನೆಂಬುದು ಮರೆತೇಹೋಗಿತ್ತು. "ಏಳನೇ ಸ್ಥಾನ: ಬರ್ನಡೀನ್. ಈಕೆ ಆಟಗಾರರನ್ನು ಆರಿಸುವುದು ಸೋಫಾ ಆರಿಸಿದ ಹಾಗೆ. ಮೂರು ತಿಂಗಳು ಊರೆಲ್ಲ ಅಲೆದು, ಕೊನೆಗೆ ಅಂಗಡಿಯಲ್ಲಿ ಮಿಕ್ಕಿದ್ದನ್ನು ಮನೆಗೆ ತಂದು, ಸ್ಪ್ರಿಂಗು ಚುಚ್ಚುತ್ತದೆಂದು ವರ್ಷವಿಡೀ..." ಇಲ್ಲಿಗೆ ಅವನ ಧ್ವನಿ ನಿಧಾನವಾಗಿ ಸಣ್ಣದಾಗಿ ನಿಂತಿತು.

"ಮುಂದೆ ಓದು," ಎಂದಳು ಬರ್ನಡೀನ್, ಬಹಳ ಸೌಮ್ಯವಾಗಿ.

"...ಗೊಣಗುವುದು."

"ನಿಜ. ಗಂಡನ್ನೂ ಹಾಗೇ ಆರಿಸಿದ್ದು. ಅಂಗಡಿಯೋನು ವಾಪಸ್ ತಗೊಳ್ಳಲ್ಲ ಅಂದ."

ಮೇಜು ಬಿದ್ದು ಬಿದ್ದು ನಕ್ಕಿತು. ಡ್ವೇನ್‌ಗೆ ಪಿರೋಗಿ ನೆತ್ತಿಗೇರಿ, ರೂಡಿ ಬೆನ್ನು ತಟ್ಟಬೇಕಾಯಿತು. ಗದ್ದಲ ಇಳಿಯುವ ಮೊದಲೇ ಫಿಲೊಮಿನಾ ಬ್ರೆಡ್ಡಿನ ಬುಟ್ಟಿಯ ಕೆಳಗಿಂದ ಒಂದು ಚೀಟಿ ಎಳೆದರು.

"ಈಗ ನಂದು ಕೇಳಿ. ಪ್ರತಿ ವರ್ಷ ಎಲ್ಡನ್ ಓದಿದ ಮಾರನೇ ದಿನ ಕಾಫಿ ಕುಡೀತಾ ಅವರೂ ನಾನೂ ನಮ್ಮದೇ ಒಂದು ಪಟ್ಟಿ ಮಾಡ್ತಿದ್ವಿ. ಈ ಸಲ ಒಬ್ಬಳೇ, ಮೊದಲೇ ಮಾಡಿದೀನಿ."

ಮೊದಲು ರೂಡಿ, "ಬಾಯಿ ಮುಚ್ಕೊಂಡಿರೋದ್ರಿಂದ ಲಾಭ ಇದೆ ಅನ್ನೋದಕ್ಕೆ ಸಾಕ್ಷಿ." ಮೂರು ಬರ್ನಡೀನ್. ಐದು ಡ್ವೇನ್, "ತಾಯಿ ಮಾತು ಕೇಳಿದ್ರೆ ನಾಲ್ಕು." ಎರಡು, ನಾಲ್ಕು, ಆರು ಮಿಕ್ಕ ಮೂವರು ದಾಯಾದಿಗಳಿಗೆ. ಏಳು ತಾನು. "ಎಂಟನೇದು ನನಗೇ ಬರಬೇಕಿತ್ತು. ಆದ್ರೆ ಎಲ್ಡನ್ ಇದಾನಲ್ಲ, ದೇವರು ದೊಡ್ಡವನು. ಹನ್ನೊಂದು ವರ್ಷದಿಂದ ತನಗೆ ತಾನೇ ಮೂರನೇ ಜಾಗ ಬರ್ಕೋತಾನೆ. ಒಂದು ಅಂದ್ರೆ ಜಂಬ ಅಂತಾರೆ, ಎಂಟು ಅಂದ್ರೆ ನಿಜ ಅಂತಾರೆ, ಅದಕ್ಕೆ ಮೂರು. ಇಲ್ಲೀತನಕ ಒಂದ್ ಸಲಾನೂ ಮೂರನೇ ಜಾಗದ ಬಾಗಿಲು ತಟ್ಟಿಲ್ಲ."

ಚಪ್ಪಾಳೆ ನಿಲ್ಲಲೇ ಇಲ್ಲ. ಇನ್ನು ಮುಂದೆ ಭವಿಷ್ಯ ಅಮ್ಮನೇ ಬರೆಯಲಿ ಎಂದು ಡ್ವೇನ್ ಸೂಚಿಸಿದ. ರೂಡಿ "ಹೌದು" ಎಂದು ಆ ವರ್ಷದ ಮೊದಲ ಮಾತನ್ನು ಅದಕ್ಕೇ ಖರ್ಚು ಮಾಡಿದ. ಎಲ್ಲರಿಗಿಂತ ಮೇಲೆ ಎತ್ತಿದ ಕೈ ಬರ್ನಡೀನಳದು.

ಹನ್ನೊಂದು ವರ್ಷದ ಹೊರೆ ಇಳಿದಿತ್ತು. ಒಂದು ಪಿರೋಗಿ ತಿಂದು ಮುಗಿಸುವಷ್ಟು ಹೊತ್ತು ಎಲ್ಡನ್‌ಗೆ ಹಾಯೆನಿಸಿತು. ಎರಡನೆಯದನ್ನು ಕಚ್ಚುವಾಗ ಹೊಟ್ಟೆಯಲ್ಲಿ ಹೊಸದೊಂದು ಗಡ್ಡೆ ಕಟ್ಟಿತು. ನಾನು ಬರೆದದ್ದಕ್ಕೆ ಇಷ್ಟು ಚಪ್ಪಾಳೆ ಯಾವತ್ತಾದರೂ ಬಿದ್ದಿತ್ತೇ?

ಆ ಗಡ್ಡೆ ಏಪ್ರಿಲಿನಲ್ಲಿ ಕರಗಲಿಲ್ಲ. ಬೇಸಗೆಯುದ್ದಕ್ಕೂ ಬೆಳೆಯಿತು. ಏಕೆಂದರೆ ಅತ್ತೆಯ ಭವಿಷ್ಯ ಒಂದೊಂದಾಗಿ ನಿಜವಾಗತೊಡಗಿತು. ಜುಲೈಗೆ ರೂಡಿ ಮೊದಲು. ಆಗಸ್ಟಿಗೆ ಬರ್ನಡೀನ್ ಮೂರು, ಡ್ವೇನ್ ಐದು. ಸೆಪ್ಟೆಂಬರ್ ಕೊನೆಯ ಭಾನುವಾರ ಬೆಳಿಗ್ಗೆ ಎಂಟೂ ತಂಡಗಳು ಆ ಚೀಟಿಯಲ್ಲಿದ್ದ ಸಾಲಿನಲ್ಲೇ ಶಿಸ್ತಾಗಿ ನಿಂತಿದ್ದವು. ಏಳು ಅತ್ತೆ. ಎಂಟು ಎಲ್ಡನ್.

ಇದೊಂದು ಮಾತ್ರ ಅವನಿಗೆ ಸಹಿಸಲಾಗಲಿಲ್ಲ. ತಂಡದಲ್ಲಿದ್ದ ಒಬ್ಬ ದಣಿದ ಪಿಚರ್‌ನನ್ನು ತೆಗೆದುಹಾಕಿ, ಯಾರಿಗೂ ಬೇಡವಾಗಿ ಬಿದ್ದಿದ್ದ ಕ್ಲಿಂಟ್ ಹೇಜಲ್‌ವಿಟ್ ಎಂಬ ಅನಾಮಧೇಯನನ್ನು ಹಾಕಿಕೊಂಡ. ಆ ಮಧ್ಯಾಹ್ನ ಹೇಜಲ್‌ವಿಟ್‌ಗೆ ಮೈಮೇಲೆ ಏನೋ ಬಂತು. ಎದುರು ಬಂದ ಬ್ಯಾಟುಗಾರರೆಲ್ಲ ಬಂದ ದಾರಿ ಹಿಡಿದರು. ಸಂಜೆ ಐದಕ್ಕೆ ಪಟ್ಟಿ ಬದಲಾಯಿತು. ಏಳು ಎಲ್ಡನ್. ಎಂಟು ಅತ್ತೆ. ಒಂದೇ ಒಂದು ಅಂಕದಲ್ಲಿ!

ಎಲ್ಡನ್ ಅಡುಗೆಮನೆಯಲ್ಲಿ ಕುಣಿಯುತ್ತಿದ್ದಾಗ ಫೋನು ಬಂತು. ಬರ್ನಡೀನ್ ಎತ್ತಿಕೊಂಡಳು. ಬಹಳ ಹೊತ್ತು "ಹೂಂ ಅಮ್ಮ, ಹೌದಮ್ಮ, ಅಳಬೇಡಮ್ಮ" ಎಂದಳು. ಫೋನ್ ಇಟ್ಟು ಗಂಡನ ಕಡೆ ತಿರುಗಿದಳು.

"ಎಂಟಕ್ಕೆ ಎಂಟೂ ಸರಿಹೋಗ್ತಿತ್ತು. ಇಷ್ಟು ವರ್ಷದಲ್ಲಿ ಅಪ್ಪನಿಗೂ ಆಗಿರ್ಲಿಲ್ಲ. ಅಮ್ಮ ಚೀಟಿಗೆ ಚೌಕಟ್ಟು ತಂದಿಟ್ಕೊಂಡಿದ್ಲು."

"ಆದ್ರೆ ಬರ್ನಿ, ನಾನು ಗೆದ್ದೆ!"

"ಗೆಲ್ಲು ಅಂದೋರು ಯಾರು? ಸೋಲೋದೊಂದೇ ನಿನಗೆ ಬರ್ತಿದ್ದ ಕೆಲಸ. ಅದನ್ನೂ ನೆಟ್ಟಗೆ ಮಾಡ್ಲಿಲ್ಲ. ನಡಿ, ತಪ್ಪಾಯ್ತು ಅಂತ ಹೇಳಿ ಬಾ."

ಹತ್ತೇ ನಿಮಿಷದಲ್ಲಿ ಎಲ್ಡನ್ ಗಸಗಸೆ ಕೇಕಿನ ಡಬ್ಬಿ ಹಿಡಿದು ಅತ್ತೆಯ ಮನೆ ಬಾಗಿಲಲ್ಲಿ ನಿಂತಿದ್ದ. ಬಾಗಿಲು ಒಂದು ಗೇಣು ತೆರೆಯಿತು.

"ಅತ್ತೆ, ಕ್ಷಮಿಸಿ. ಏಳನೇ ಸ್ಥಾನ ಬಂದ್ಬಿಟ್ಟೆ."

"ಬರೋ ವರ್ಷ?"

"ಬರೋ ವರ್ಷ ಖಂಡಿತ ಎಂಟು, ಅತ್ತೆ. ಆಣೆ."

"ನೋಡೋಣ," ಎಂದು ಫಿಲೊಮಿನಾ ಕೇಕು ತೆಗೆದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಬಾಗಿಲನ್ನು ದಢಾರೆಂದು ಹಾಕಿಕೊಂಡರು.

ಹಿಂದಿರುಗುವಾಗ ಕಾರಿನಲ್ಲಿ ಎಲ್ಡನ್ ಬರುವ ವರ್ಷದ ಲೆಕ್ಕ ಹಾಕತೊಡಗಿದ. ಆಣೆಯೇನೋ ಇಟ್ಟಾಯಿತು. ಆದರೆ ಕೊನೆಯ ಸ್ಥಾನವೇನು ಸುಮ್ಮನೆ ಸಿಗುತ್ತದೆಯೇ? ಡ್ವೇನ್ ಮನಸ್ಸು ಮಾಡಿದರೆ ಅದನ್ನೂ ಕಿತ್ತುಕೊಂಡಾನು.